ಗೋಡೆ ಏಳುತ್ತಿರುವಾಗ ಇನ್ಸುಲೇಶನ್ ದಪ್ಪ ಬದಲಿಸಬೇಕೆಂದರೆ

ಕಲಬುರಗಿಯ ಏಪ್ರಿಲ್ ಕಂಡವರಿಗೆ ಪಡುವಣ ಗೋಡೆಯ ಕಥೆ ಹೇಳಬೇಕಿಲ್ಲ. ಮಧ್ಯಾಹ್ನದಿಂದ ಸಂಜೆಯ ತನಕ ಅದರ ಮೇಲೆ ಬಿಸಿಲು ಸುರಿಯುತ್ತದೆ. ರಾತ್ರಿ ಹತ್ತಕ್ಕೆ ಒಳಗಿನಿಂದ ಕೈ ಇಟ್ಟರೆ ಆಗತಾನೇ ಇಳಿಸಿದ ತವೆಯ ಹಾಗೆ ಬಿಸಿ. ಅದಕ್ಕೇ ಈಗ ಮನೆ ಕಟ್ಟಿಸುವವರು ಗೋಡೆಯೊಳಗೆ ಬಿಸಿ ತಡೆಯುವ ಇನ್ಸುಲೇಶನ್ ಬೋರ್ಡ್ ಹಾಕಿಸೋಣ ಎಂದು ತಾವಾಗಿಯೇ ಕೇಳುತ್ತಾರೆ. ಒಳ್ಳೆಯದೇ. ತೊಂದರೆ ಶುರುವಾಗುವುದು ಗೋಡೆ ಅರ್ಧ ಎದ್ದ ಮೇಲೆ, "ಮೇಡಂ, 50 ಮಿಮೀ ಬದಲು 100 ಹಾಕಿಬಿಡೋಣವಾ?" ಎಂಬ ಫೋನ್ ಬಂದಾಗ.

ಹೋದ ಬೇಸಿಗೆಯಲ್ಲಿ ಅಂಥದ್ದೇ ಫೋನ್ ಬಂತು. 30 x 40 ಅಡಿಯ ಸೈಟ್, ಕೆಳಗೆ ಮೇಲೆ ಎರಡು ಮನೆ, ಪಿಲ್ಲರ್ ಮತ್ತು ಬೀಮಿನ ಕಟ್ಟಡ. ಮಾಲೀಕರು ನಿವೃತ್ತ ಶಿಕ್ಷಕರು. ಪಡುವಣ ಗೋಡೆಯನ್ನು ಎರಡು ಪದರದ ಗೋಡೆಯಾಗಿ ಬರೆದುಕೊಟ್ಟಿದ್ದೆ. ಒಳಗೆ 115 ಮಿಮೀ ಇಟ್ಟಿಗೆ, ನಡುವೆ ಗಟ್ಟಿ ಫೋಮಿನ 50 ಮಿಮೀ ಎಕ್ಸ್‌ಪಿಎಸ್ ಬೋರ್ಡ್, ಹೊರಗೆ ಮತ್ತೆ 115 ಮಿಮೀ ಇಟ್ಟಿಗೆ. ಒಟ್ಟು 280. ನೆಲಮಟ್ಟದಲ್ಲಿ ಗೋಡೆ ಹೊರುವ ಪ್ಲಿಂತ್ ಬೀಮನ್ನೂ ಆ ಕಡೆ 280 ಅಗಲಕ್ಕೇ ಹಾಕಿಸಿದ್ದೆವು. ಗೋಡೆ ಕಿಟಕಿಯ ಮಟ್ಟಕ್ಕೆ, ಮೂರಡಿಗೆ ಬಂದಿತ್ತು. ಪುಣೆಯಲ್ಲಿರುವ ಮಗ "100 ಹಾಕಿದರೆ ಎಸಿಯೇ ಬೇಡ" ಅಂದಿದ್ದರಂತೆ.

ಸೈಟಿಗೆ ಹೋದಾಗ ಮೇಸ್ತ್ರಿ ಕೇಳಿದ್ದು ಇಷ್ಟೇ: "ಬೋರ್ಡ್ ಹತ್ತಿ ಇದ್ದಂಗ ಹಗುರ ಅದ ಮೇಡಂ. ದಪ್ಪ ಹಾಕಿದ್ರ ಏನಾಗ್ತದ್ರಿ?"

ಅವರ ಮಾತು ಅರ್ಧ ಸರಿ. 50 ಮಿಮೀ ಬೋರ್ಡ್ ಚದರ ಮೀಟರಿಗೆ ಒಂದೂವರೆ ಕೆಜಿ ತೂಗುತ್ತದೆ. 100 ಹಾಕಿದರೆ ಮೂರು ಕೆಜಿ. ಒಂದು ಪದರ ಇಟ್ಟಿಗೆಗೆ, ಪ್ಲಾಸ್ಟರ್ ಸೇರಿಸಿ, ಚದರ ಮೀಟರಿಗೆ ಸುಮಾರು 250 ಕೆಜಿ. ಅದರ ಮುಂದೆ ಬೋರ್ಡಿನದು ಲೆಕ್ಕಕ್ಕೇ ಇಲ್ಲ. ಆದರೆ ಬೋರ್ಡ್ ದಪ್ಪವಾದಷ್ಟೂ ಹೊರಗಿನ ಇಟ್ಟಿಗೆ ಪದರ ದೂರ ಸರಿಯುತ್ತದೆ. ಮನೆಯ ತೂಕ ಅಷ್ಟೇ ಇರುತ್ತದೆ, ಅದು ಕೂತಿರುವ ಜಾಗ ಬದಲಾಗುತ್ತದೆ. ಮುಂದೆ ಹೇಳುವುದೆಲ್ಲ ಇದೊಂದರಿಂದಲೇ ಹುಟ್ಟುವ ತೊಂದರೆ.

ಮೊದಲು ನೋಡಬೇಕಾದ್ದು: ಹೊರಪದರ ಯಾವುದರ ಮೇಲೆ ನಿಂತಿದೆ?

ಟೇಪ್ ಹಿಡಿದು ಪ್ಲಿಂತ್ ಬೀಮಿನ ಅಗಲ ಅಳೆಯಿರಿ. ಹೊಸ ಗೋಡೆಯ ಒಟ್ಟು ದಪ್ಪದಿಂದ ಅದನ್ನು ಕಳೆಯಿರಿ. ಉಳಿದದ್ದೇ ಹೊರಪದರ ಗಾಳಿಯಲ್ಲಿ ತೂಗುವ ಅಳತೆ. ಆ ಮನೆಯಲ್ಲಿ 330 ರಲ್ಲಿ 280 ಕಳೆದರೆ 50 ಮಿಮೀ.

ಎಷ್ಟು ಹೊರಗೆ ತೂಗಿದರೆ ಪರವಾಗಿಲ್ಲ? ನಾನು ಆ ಪದರದ ದಪ್ಪದ ಕಾಲು ಭಾಗ ದಾಟಲು ಬಿಡುವುದಿಲ್ಲ. 115 ಕ್ಕೆ ಅದು ಸುಮಾರು 29 ಮಿಮೀ. ಅಲ್ಲಿಯವರೆಗೆ ಗೋಡೆಯ ತೂಕ ಬೀಮಿನ ಮೇಲೆ ಊರಿರುವ ಭಾಗದ ನಡುವಿನ ಮೂರನೇ ಒಂದು ಪಾಲಿನೊಳಗೇ ಬೀಳುತ್ತದೆ. ತಳದ ಗಾರೆ ಒಂದು ಅಂಚಿನಲ್ಲಿ ಬಾಯಿ ಬಿಡುವುದಿಲ್ಲ. ಅದನ್ನು ದಾಟಿದರೆ ಒಳಗಿನ ಅಂಚು ಎದ್ದು, ಹೊರಗಿನ ಅಂಚಿನ ಮೇಲೇ ಭಾರವೆಲ್ಲ ಬೀಳುತ್ತದೆ. ಇಟ್ಟಿಗೆ ಗೋಡೆ ಒತ್ತುವ ಬಲವನ್ನು ತಡೆಯುತ್ತದೆ, ಎಳೆಯುವ ಬಲವನ್ನು ತಡೆಯುವುದಿಲ್ಲ.

ಮಾಲೀಕರು ಆಗ ಕೇಳಿದರು: "ಮೂರಡಿ ಈಗಾಗಲೇ ಎದ್ದಿದೆ. ಅಲ್ಲಿಂದ ಮೇಲೆ ಮಾತ್ರ 50 ಮಿಮೀ ಆಚೆಗೆ ಹಾಕಿ ಕಟ್ಟಿದರೆ?" ಆಗದು. ಕೆಳಗಿನ ಗೋಡೆಯ ಅಂಚಿನಾಚೆ ಮೇಲಿನ ಗೋಡೆ 50 ಮಿಮೀ ತೂಗುತ್ತದೆ, ಮತ್ತದೇ ಲೆಕ್ಕ. ಗೋಡೆಯ ನಡು ಎತ್ತರದಲ್ಲಿ ದಪ್ಪ ಬದಲಿಸಬಾರದು. ಬದಲಿಸುವುದಿದ್ದರೆ ಬೀಮಿನ ಮಟ್ಟದಲ್ಲಿ, ಬೀಮನ್ನೂ ಅದಕ್ಕೆ ತಕ್ಕಂತೆ ಹಾಕಿ, ಬದಲಿಸಬೇಕು.

ಇನ್ನು ಕೆಲವರು ಒಳಪದರವನ್ನು ಕೋಣೆಯ ಕಡೆ ಸರಿಸಿ, ಭರ್ತಿ ಮಣ್ಣಿನ ಮೇಲಿನ ಕಾಂಕ್ರೀಟ್ ಮೇಲೆ ಕಟ್ಟಿಸುತ್ತಾರೆ. ನಮ್ಮ ಊರಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಕೆಳಗಿರುವುದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯದ ಮೇಲೆ ನಿಂತ ಹೊರಪದರ ಅಲ್ಲೇ ಇರುತ್ತದೆ, ನೆಲದ ಮೇಲೆ ನಿಂತ ಒಳಪದರ ಏಳುತ್ತದೆ ಇಳಿಯುತ್ತದೆ. ಎರಡನ್ನೂ ಕಟ್ಟಿಹಾಕಿದ ಕಂಬಿಗಳು ಬಾಗುತ್ತವೆ, ಕಿಟಕಿಯ ಮೂಲೆಗಳಲ್ಲಿ ಓರೆಯಾಗಿ ಬಿರುಕು ಬರುತ್ತದೆ.

ಬೀಮ್ ಇನ್ನೂ ಹಾಕಿಲ್ಲವೆಂದರೆ ನೀವು ಪುಣ್ಯವಂತರು. ಸೆಂಟ್ರಿಂಗ್ ಹಲಗೆ ಸರಿಸಿ ಅಗಲ ಮಾಡಿಸಿ. ಅಗಲದ ಜೊತೆ ಕಂಬಿ ಎಷ್ಟು ಎಂದು ಎಂಜಿನಿಯರನ್ನು ಕೇಳಿ.

ಮೊದಲ ಮಹಡಿಯ ಬೀಮ್ ತಿರುಚುತ್ತದೆ

ಹೆಚ್ಚು ಜನ ಮರೆಯುವುದು ಇದನ್ನೇ. ನಾನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೇಲಿನ ಮನೆಯ ಗೋಡೆ ನಿಲ್ಲುವುದು ಮಹಡಿಯ ಬೀಮಿನ ಮೇಲೆ. ಆ ಬೀಮ್ ಪಿಲ್ಲರಿನಷ್ಟೇ ಅಗಲ, 230 ಮಿಮೀ. ಹೊರಪದರ ನಿಲ್ಲಲು ಬೀಮಿನಿಂದ ಒಂದು ಅಂಚು ಹೊರಚಾಚಬೇಕು. 50 ಮಿಮೀ ಬೋರ್ಡಿಗೆ 50 ಮಿಮೀ ಅಂಚು, 100 ಕ್ಕೆ 100.

ಒಳಪದರವನ್ನು ಬೀಮಿನ ಒಳಮುಖಕ್ಕೆ ಸಮವಾಗಿ ಇಟ್ಟು ಅಳೆಯೋಣ. 50 ಮಿಮೀ ಬೋರ್ಡ್ ಇದ್ದಾಗ ಹೊರಪದರದ ನಡುಗೆರೆ ಬೀಮಿನ ಒಳಮುಖದಿಂದ 222 ಮಿಮೀಗೆ ಬರುತ್ತದೆ. ಅಂದರೆ ಇನ್ನೂ ಬೀಮಿನ ಮೈಮೇಲೇ. 100 ಆದಾಗ ಅದು 272 ಕ್ಕೆ ಹೋಗುತ್ತದೆ, ಬೀಮಿನ ಮುಖದಿಂದ 42 ಮಿಮೀ ಹೊರಗೆ. ಈಗ ಆ ಅಂಚು ನಿಜವಾಗಿಯೂ ಗೋಡೆ ಹೊರುವ ಹೊರಚಾಚು. ಅದಕ್ಕೆ ತನ್ನದೇ ಕಂಬಿ ಬೇಕು, ಆ ಕಂಬಿ ಬೀಮಿನ ಒಳಗೆ ಚೆನ್ನಾಗಿ ಹಿಡಿದಿರಬೇಕು. ಬೀಮ್ ಹಾಕಿದ ಮೇಲೆ ಪಕ್ಕಕ್ಕೆ ಗಾರೆ ಮೆತ್ತಿ ಅಂಚು ಬೆಳೆಸುವುದು ಲೆಕ್ಕಕ್ಕೆ ಬಾರದು.

ಈಗ ತಿರುಚುವ ಬಲ. ಮೂರು ಮೀಟರ್ ಎತ್ತರದ ಪದರ ಒಂದು ಮೀಟರ್ ಉದ್ದಕ್ಕೆ ಸುಮಾರು 750 ಕೆಜಿ. ಒಳಪದರ ಬೀಮನ್ನು ಒಳಕ್ಕೆ ವಾಲಿಸುತ್ತದೆ, ಹೊರಪದರ ಹೊರಕ್ಕೆ. ಎರಡನ್ನೂ ಕಳೆದರೆ, 50 ಮಿಮೀ ಬೋರ್ಡಿಗೆ ಮೀಟರಿಗೆ ಸುಮಾರು 37 ಕೆಜಿ-ಮೀಟರ್ (ತೂಕವನ್ನು ಬೀಮಿನ ನಡುಗೆರೆಯಿಂದ ಇರುವ ದೂರದಿಂದ ಗುಣಿಸಿದ್ದು) ಉಳಿಯುತ್ತದೆ. 100 ಕ್ಕೆ 75. ಸರಿಯಾಗಿ ಎರಡರಷ್ಟು. ಸಾದಾ 9 ಇಂಚಿನ ಗೋಡೆಯಲ್ಲಿ ಇದು ಸೊನ್ನೆ ಇತ್ತು. ತೂಕ ಹೆಚ್ಚೇನೂ ಏರದೆ ಇಷ್ಟಾಯಿತು ನೋಡಿ.

ಈ ಬಲ ಬೀಮಿನಲ್ಲೇ ನಿಲ್ಲುವುದಿಲ್ಲ. ಎರಡೂ ತುದಿಯ ಪಿಲ್ಲರಿಗೆ ಹೋಗಿ ಅದನ್ನು ಹೊರಕ್ಕೆ ಬಗ್ಗಿಸುತ್ತದೆ, ಅದೂ ಪಿಲ್ಲರ್ ಕಿರಿದಾಗಿರುವ 230 ರ ಕಡೆಗೆ. ಪಡುವಣ ಸಾಲಿನ ಪಾಯದ ಮೇಲೂ ಭಾರ ಒಂದು ಪಕ್ಕಕ್ಕೆ ಸರಿಯುತ್ತದೆ. ಬರೆಯುವಾಗಲೇ ಗೊತ್ತಿದ್ದರೆ ಇದೆಲ್ಲ ಸಣ್ಣ ವಿಷಯ. ಗೊತ್ತಿಲ್ಲದೆ ಹಾಕಿದ ಬೀಮಿಗೆ ದೊಡ್ಡ ವಿಷಯ.

ಸೈಟಿನಲ್ಲಿ ನೀವೇ ನೋಡಬಹುದಾದ್ದು, ಬೀಮಿನ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್. ತಿರುಚುವ ಬೀಮಿನಲ್ಲಿ ರಿಂಗ್ ಪೂರ್ತಿ ಮುಚ್ಚಿರಬೇಕು, ಅದರ ಕೊಕ್ಕೆ ಒಳಕ್ಕೆ 135 ಡಿಗ್ರಿ ಬಾಗಿರಬೇಕು. ಬರೀ 90 ಡಿಗ್ರಿಗೆ ಮಡಿಸಿ ಬಿಟ್ಟಿದ್ದರೆ ಕಾಂಕ್ರೀಟ್ ಹಾಕಲು ಬಿಡಬೇಡಿ. ಬಾರ್ ಬೆಂಡರ್ ಗೊಣಗುತ್ತಾರೆ, ಗೊಣಗಲಿ.

ಎರಡು ಪದರ ಹಿಡಿದಿಡುವ ಕಂಬಿ

ಟೈ ಎನ್ನುತ್ತೇವಲ್ಲ, ಒಳಪದರಕ್ಕೂ ಹೊರಪದರಕ್ಕೂ ನಡುವಿನ ಕಂಬಿ. ಪ್ರತಿ ಪದರದ ಗಾರೆಯೊಳಗೆ ಅದು ಕನಿಷ್ಠ 50 ಮಿಮೀ ಹುದುಗಿರಬೇಕು. 50 ಮಿಮೀ ಬೋರ್ಡಿಗೆ 150 ಮಿಮೀ ಉದ್ದದ ಟೈ ಸಾಕು. 100 ಕ್ಕೆ 200 ಬೇಕು. ಸ್ಟೋರಿನಲ್ಲಿ 150 ರ ಪೆಟ್ಟಿಗೆ ಇದೆ, ಮೇಸ್ತ್ರಿ ಅದನ್ನೇ ಹಾಕುತ್ತಾರೆ. ಒಳಪದರದಲ್ಲಿ 50 ಹುದುಗಿಸಿ, 100 ಬೋರ್ಡ್ ದಾಟಿದ ಮೇಲೆ ಹೊರಪದರಕ್ಕೆ ಉಳಿಯುವುದು ಸೊನ್ನೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಮೂರು ಮೀಟರ್ ಎತ್ತರದ, ನಾಲ್ಕೂವರೆ ಇಂಚಿನ ಒಂಟಿ ಗೋಡೆ ಯಾರ ಆಸರೆಯೂ ಇಲ್ಲದೆ ನಿಂತಿರುತ್ತದೆ.

ಉದ್ದ ಸರಿ ಇದ್ದರೂ ಮುಗಿಯಲಿಲ್ಲ. ಸಣ್ಣ ಕಂಬಿಯನ್ನು ಎರಡೂ ತುದಿಯಿಂದ ಒತ್ತಿದರೆ ನಡುವೆ ಬಾಗುತ್ತದೆ. ಬಿಡುವಿನ ಉದ್ದ ಎರಡು ಪಟ್ಟಾದರೆ, ಬಾಗದೆ ತಡೆಯುವ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 50 ಮಿಮೀಗೆ ನಾವು ಅಡ್ಡಕ್ಕೆ 900, ಎತ್ತರಕ್ಕೆ 450 ಮಿಮೀಗೆ ಒಂದರಂತೆ ಹಾಕುವ ಟೈಯನ್ನು 100 ಕ್ಕೆ ಅಡ್ಡಕ್ಕೆ 600 ಮಾಡಿಸುತ್ತೇನೆ, ಕಂಬಿಯನ್ನೂ ದಪ್ಪದ್ದೇ ತರಿಸುತ್ತೇನೆ. ಕಿಟಕಿ ಬಾಗಿಲಿನ ಅಂಚಿನಲ್ಲಿ ಎತ್ತರಕ್ಕೆ ಪ್ರತಿ 300 ಮಿಮೀಗೆ ಒಂದು. ಪಿಲ್ಲರ್ ಬಂದಲ್ಲಿ ಪಿಲ್ಲರಿಗೂ ಕಟ್ಟಬೇಕು. ಟೈ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಗೋಡೆಯೊಳಗೆ ತುಕ್ಕು ಹಿಡಿದರೆ ನೋಡುವವರು ಯಾರೂ ಇಲ್ಲ.

ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಕಾರಣ ಇದೆ. ನಾನು ಹುಟ್ಟಿ ಬೆಳೆದದ್ದು ಆಳಂದ. 1993 ರ ಸೆಪ್ಟೆಂಬರ್ 30 ರ ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಅನ್ನುವಾಗ, ಮಹಾರಾಷ್ಟ್ರದ ಕಿಲಾರಿಯಲ್ಲಿ ಭೂಕಂಪ ಆಯಿತು. ನಮ್ಮೂರಿಂದ ಅದು ಐವತ್ತು ಅರವತ್ತು ಕಿಲೋಮೀಟರ್. ಪಾತ್ರೆ ಅಲುಗಾಡಿ ಎದ್ದೆವು, ಬೀದಿಯಲ್ಲೇ ಬೆಳಗು ಮಾಡಿದೆವು. ನನಗಾಗ 11 ವರ್ಷ. ಅಲ್ಲಿ ಸಾವಿರಾರು ಜನ ಸತ್ತರು. ಮುಂದೆ ಕಾಲೇಜಿಗೆ ಹೋದಾಗ ಗೊತ್ತಾಯಿತು, ಅಲ್ಲಿನ ದಪ್ಪ ಕಲ್ಲಿನ ಗೋಡೆಗಳು ನಿಜಕ್ಕೂ ಎರಡು ಪದರ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ದಾಟಿ ಹಿಡಿಯುವ ಉದ್ದದ ಕಲ್ಲು ಹೆಚ್ಚಿನ ಕಡೆ ಇರಲಿಲ್ಲ. ನೆಲ ನಡುಗಿದಾಗ ಪದರಗಳು ಬೇರೆಯಾಗಿ, ಉಬ್ಬಿ, ಮಲಗಿದವರ ಮೇಲೆ ಬಿದ್ದವು. ಅಷ್ಟು ದಪ್ಪ ಇದ್ದೂ ಗೋಡೆ ಉಳಿಸಲಿಲ್ಲ. 2016 ರ ಭೂಕಂಪದ ನಕ್ಷೆಯಲ್ಲಿ ಕಲಬುರಗಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿತ್ತು, ನಿಜ. ಆದರೂ ಟೈ ಹಾಕುವ ದಿನ ನಾನು ಸೈಟಿನಲ್ಲೇ ಇರುತ್ತೇನೆ.

ಸಜ್ಜಾ ಮತ್ತು ಲಿಂಟಲ್

ಕಿಟಕಿಯ ಮೇಲೆ ಎರಡಡಿ ಸಜ್ಜಾ ನಮ್ಮಲ್ಲಿ ಬೇಕೇ ಬೇಕು. 9 ಇಂಚಿನ ಗೋಡೆಯಲ್ಲಿ ಅದರ ಬಾಲ ಗೋಡೆಯೊಳಗೆ ಕೂತಿರುತ್ತದೆ, ಮೇಲಿನ ಗೋಡೆಯ ತೂಕ ಅದನ್ನು ಅದುಮಿ ಹಿಡಿಯುತ್ತದೆ. ಎರಡು ಪದರದ ಗೋಡೆಯಲ್ಲಿ ಲಿಂಟಲನ್ನೂ (ಕಿಟಕಿಯ ತಲೆಯ ಮೇಲಿನ ಅಡ್ಡ ಬೀಮ್) ಎರಡಾಗಿ ಒಡೆದರೆ, ಸಜ್ಜಾ ಬರೀ ಹೊರಪದರದ 115 ಮಿಮೀಯನ್ನು ನಂಬಿ ನಿಲ್ಲಬೇಕಾಗುತ್ತದೆ. ಲೆಕ್ಕ ನೋಡಿ. ಸಜ್ಜಾದ ತೂಕವೇ ಮೀಟರಿಗೆ ಸುಮಾರು 110 ಕೆಜಿ, ಅದು ಹೊರಕ್ಕೆ ಮಗುಚುವ ಬಲ 33 ಕೆಜಿ-ಮೀಟರ್. ಮೇಲೆ ಎರಡಡಿ ಗೋಡೆ ಇದ್ದರೆ ಅದು ಹಿಡಿದಿಡುವುದು ಒಂಬತ್ತಕ್ಕಿಂತ ಕಡಿಮೆ. ಪೇಂಟ್ ಹೊಡೆಯುವ ಹುಡುಗ ಅದರ ತುದಿಯಲ್ಲಿ ನಿಂತರೆ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆಯವರ ಕೈಕೆಳಗೆ ಇದ್ದಾಗ, ಇದನ್ನು ಕಣ್ಣಾರೆ ಕಂಡೆ. ಸೆಂಟ್ರಿಂಗ್ ಊರುಗೋಲು ತೆಗೆದ ಅರ್ಧ ಗಂಟೆಗೆ ಸಜ್ಜಾ ಮೆಲ್ಲಗೆ ತಲೆ ತಗ್ಗಿಸಿತು. ಹಿಂದಿನ ಇಟ್ಟಿಗೆ ಎದ್ದು ಬಂತು. ಕೆಳಗೆ ಗಾರೆ ಕಲಸುತ್ತಿದ್ದವರು ಊಟಕ್ಕೆ ಹೋಗಿದ್ದರು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಆ ಸದ್ದು ಮಾತ್ರ ನನಗೆ ಇನ್ನೂ ನೆನಪಿದೆ.

ಸಜ್ಜಾ ಬರುವ ಕಿಟಕಿಯಲ್ಲಿ ಲಿಂಟಲನ್ನು ಗೋಡೆಯ ಪೂರ್ತಿ ಅಗಲಕ್ಕೆ, ಎರಡೂ ಪದರ ಸೇರುವಂತೆ ಹಾಕಿಸಿ. ಸಜ್ಜಾದ ಮೇಲಿನ ಕಂಬಿ ಒಳಪದರದ ತನಕ ಹೋಗಿ ಮಡಿಯಲಿ. ಲಿಂಟಲಿನ ತುದಿಗಳು ಪಿಲ್ಲರಿಗೆ ಸೇರಿದರೆ ಇನ್ನೂ ಒಳ್ಳೆಯದು. ಅಷ್ಟು ಜಾಗದಲ್ಲಿ ಕಾಂಕ್ರೀಟಿನ ಮೂಲಕ ಸ್ವಲ್ಪ ಬಿಸಿ ಒಳಗೆ ಬರುತ್ತದೆ. ಬರಲಿ. ಸಜ್ಜಾ ಇಲ್ಲದ ಕಡೆ ಮಾತ್ರ ಎರಡು ಬಿಡಿ ಲಿಂಟಲ್.

ಎಸಿಯ ಹೊರಗಿನ ಯೂನಿಟ್ಟನ್ನೂ ಹೊರಪದರಕ್ಕೆ ತೂಗುಹಾಕಬೇಡಿ. ಚಾವಣಿಯ ಮೇಲೋ ನೆಲದ ಮೇಲೋ ಸ್ಟ್ಯಾಂಡ್ ಮಾಡಿಸಿ.

ಹೊರಪದರದ ತಲೆ ಮೇಲಿನ ಬೀಮಿನ ಅಂಚಿಗೆ ತಾಗುವಲ್ಲಿ ಬಿಗಿಯಾಗಿ ಗಾರೆ ತುಂಬಬಾರದು. 10-12 ಮಿಮೀ ಸಂದು ಬಿಟ್ಟು, ಮೆತ್ತನೆಯ ಫೋಮ್ ಮತ್ತು ಸೀಲೆಂಟ್ ತುಂಬಿಸಿ. ಬೋರ್ಡ್ ದಪ್ಪವಾದಷ್ಟೂ ಹೊರಪದರದ ಬಿಸಿ ಒಳಕ್ಕೆ ಹರಿಯುವುದಿಲ್ಲ, ಅದು ಅಲ್ಲೇ ಕಾಯುತ್ತದೆ. ಕಾದದ್ದು ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಹೊಟ್ಟೆ ಬರುತ್ತದೆ.

ಪಿಲ್ಲರ್ ಇಲ್ಲದ ಮನೆಯಾದರೆ

ಚಾವಣಿಯನ್ನು ಗೋಡೆಯೇ ಹೊರುವ ಮನೆಯಲ್ಲಿ ಒಳಪದರ 9 ಇಂಚೇ ಇರಲಿ, ಚಾವಣಿ ಅದರ ಮೇಲೆ ಮಾತ್ರ ಕೂರಲಿ. 115 + 115 ಸೇರಿ 230 ಆಯಿತಲ್ಲ ಎಂದು ಲೆಕ್ಕ ಹಾಕಬೇಡಿ. ನಮ್ಮ ಇಟ್ಟಿಗೆ ಗೋಡೆಯ ಕೋಡ್ ಐಎಸ್ 1905 ರ ಪ್ರಕಾರ ಎರಡು ಪದರದ ಗೋಡೆಯ ಲೆಕ್ಕದ ದಪ್ಪ, ಎರಡರ ಮೊತ್ತದ ಮೂರರಲ್ಲಿ ಎರಡು ಪಾಲು ಮಾತ್ರ. ಅಂದರೆ 153 ಮಿಮೀ. ನಡುವೆ ಬೋರ್ಡ್ ಎಷ್ಟೇ ದಪ್ಪ ಇರಲಿ, ಅದು ಬಲಕ್ಕೆ ಸೇರುವುದಿಲ್ಲ.

ಅಷ್ಟಕ್ಕೂ 100 ಬೇಕಾ?

ಮಾಲೀಕರ ಮುಂದೆ ಸಿಮೆಂಟ್ ಚೀಲದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದ ಲೆಕ್ಕ ಇದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಅನ್ನುವುದು ಯು ಮೌಲ್ಯ. ಪ್ಲಾಸ್ಟರ್ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆಗೆ ಅದು ಸುಮಾರು 2. ನಡುವೆ 50 ಮಿಮೀ ಎಕ್ಸ್‌ಪಿಎಸ್ ಹಾಕಿದರೆ 0.5. 100 ಹಾಕಿದರೆ 0.28. ಮೊದಲ 50 ಮಿಮೀ ಮುಕ್ಕಾಲು ಪಾಲು ಬಿಸಿ ತಡೆಯಿತು. ಎರಡನೇ 50 ತಡೆಯುವುದು ಒಟ್ಟು ಬಿಸಿಯ ಹತ್ತರಲ್ಲಿ ಒಂದು ಪಾಲು. ಅದಕ್ಕಾಗಿ ಬೀಮ್, ಟೈ, ಲಿಂಟಲ್, ಕಿಟಕಿ ಚೌಕಟ್ಟು, ಶಹಾಬಾದ್ ಕಲ್ಲಿನ ಕಿಟಕಿ ಪಟ್ಟಿ, ಎಲ್ಲ ಬದಲಾಗಬೇಕು. ಹೊರಕ್ಕೆ ಬೆಳೆದರೆ ಮಂಜೂರಾದ ನಕ್ಷೆಯಲ್ಲಿ ಸುತ್ತ ಖಾಲಿ ಬಿಡಬೇಕಾದ ಜಾಗವಾದ ಸೆಟ್‌ಬ್ಯಾಕ್ ತಿನ್ನುತ್ತದೆ. ಒಳಕ್ಕೆ ಬೆಳೆದರೆ ಕೋಣೆ ತಿನ್ನುತ್ತದೆ, ಮೆಟ್ಟಿಲು ಆ ಕಡೆ ಇದ್ದರಂತೂ ಮೂರಡಿಯ ಮೆಟ್ಟಿಲು ಇಕ್ಕಟ್ಟಾಗುತ್ತದೆ.

ಅಷ್ಟೇ ಜಾಗದಲ್ಲಿ ಇನ್ನೂ ಬೇಕೆನಿಸಿದರೆ ದಪ್ಪ ಬಿಟ್ಟು ವಸ್ತು ಬದಲಿಸಿ. ಕೋಲ್ಡ್ ಸ್ಟೋರೇಜಿಗೆ ಬಳಸುವ ಪಫ್ ಬೋರ್ಡ್ 50 ಮಿಮೀ ಇದ್ದರೆ ಸುಮಾರು 70 ಮಿಮೀ ಎಕ್ಸ್‌ಪಿಎಸ್‌ನ ಕೆಲಸ ಮಾಡುತ್ತದೆ. ಕಟ್ಟಡಕ್ಕೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ದಾರಿ ಸಾದಾ 9 ಇಂಚಿನ ಗೋಡೆ ಇರುವವರಿಗೆ. ಹೊರಗಿನಿಂದ ಬೋರ್ಡ್ ಅಂಟಿಸಿ, ಪ್ಲಾಸ್ಟಿಕ್ ಆಂಕರ್ ಹೊಡೆದು, ಫೈಬರ್ ಜಾಲರಿಯ ಮೇಲೆ ತೆಳು ಪ್ಲಾಸ್ಟರ್ ಮಾಡಿಸುವುದು. ಇಲ್ಲಿ ಹೊರಗೆ ಇಟ್ಟಿಗೆ ಪದರವೇ ಇಲ್ಲ, ಆದ್ದರಿಂದ ಬೀಮಿಗೆ ಚಿಂತೆ ಇಲ್ಲ. ಆದರೆ ಆಂಕರಿನ ಉದ್ದ ಬೋರ್ಡಿನ ಜೊತೆಗೇ ಬೆಳೆಯಬೇಕು. 100 ಮಿಮೀ ಬೋರ್ಡಿಗೆ 160 ಕ್ಕಿಂತ ಕಡಿಮೆ ಬೇಡ. ಅದರ ಮೇಲೆ ಚಿಕನ್ ಮೆಶ್ ಹಾಕಿ 20 ಮಿಮೀ ಮರಳು ಸಿಮೆಂಟ್ ಬಳಿಯುವವರನ್ನು ನೋಡಿದ್ದೇನೆ. ಅಷ್ಟು ತೂಕ ಗೋಡೆಯಿಂದ 100 ಮಿಮೀ ದೂರದಲ್ಲಿ ತೂಗಿದರೆ ಆಂಕರ್ ಕೆಳಕ್ಕೆ ಬಾಗುತ್ತದೆ, ಪ್ಲಾಸ್ಟರ್ ಜಾರುತ್ತದೆ.

ದಪ್ಪ ಕಡಿಮೆ ಮಾಡುವವರೂ ಇದ್ದಾರೆ. 100 ಕ್ಕೆ ಬೀಮ್ ಹಾಕಿ, ದುಡ್ಡು ಸಾಲದೆ 50 ಬೋರ್ಡ್ ತರುವವರು. ಕಟ್ಟಡಕ್ಕೆ ಅಪಾಯ ಇಲ್ಲ. ಪದರಗಳನ್ನು ಇದ್ದಲ್ಲೇ ಕಟ್ಟಿ, ಉದ್ದದ ಟೈಯನ್ನೇ ಹಾಕಿ, ಬೋರ್ಡನ್ನು ಕ್ಲಿಪ್ಪಿನಿಂದ ಒಳಪದರಕ್ಕೆ ಒತ್ತಿ ಹಿಡಿಸಿ. ಸುಮ್ನೆ ಬಿಟ್ಟರೆ ಬೋರ್ಡಿನ ಎರಡೂ ಕಡೆ ಗಾಳಿ ಆಡಿ, ಹಾಕಿದ್ದೂ ದಂಡ.

ಆ ಮನೆಯಲ್ಲಿ ಏನು ಮಾಡಿದೆವು? ಗೋಡೆಯನ್ನು 50 ಕ್ಕೇ ಬಿಟ್ಟೆವು. ಮಿಕ್ಕ ದುಡ್ಡಿಗೆ ಚಾವಣಿಯ ಮೇಲೆ 75 ಮಿಮೀ ಬೋರ್ಡ್ ಹಾಸಿದೆವು, ಏಕೆಂದರೆ ದಿನವಿಡೀ ಬಿಸಿಲು ತಿನ್ನುವುದು ಅದೇ. ಮನೆಗಳಿಗೆಂದು 2018 ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಚಾವಣಿಯ ಯು ಮೌಲ್ಯ 1.2 ದಾಟಬಾರದು ಅನ್ನುತ್ತದೆ. ಇಲ್ಲಿ ಅದು 0.4 ರ ಆಸುಪಾಸು ಬಂತು. ಚಾವಣಿಯ ಇಳಿಜಾರಿಗೆ ಹಾಕುವ ಕಾಂಕ್ರೀಟ್ ಮೊದಲೇ ಲೆಕ್ಕದಲ್ಲಿತ್ತು, ಬೋರ್ಡ್ ಅದರ ಕೆಳಗೆ ಹೋಯಿತು. ಹೊಸದಾಗಿ ಸೇರಿದ ಭಾರ ಚದರ ಮೀಟರಿಗೆ ಎರಡೂವರೆ ಕೆಜಿ ಮಾತ್ರ. ಆ ಮಾತುಕತೆಯ ಮರುದಿನ ಬೆಳಿಗ್ಗೆಯೇ ಮೇಸ್ತ್ರಿ ಮೂರಡಿಯಿಂದ ಮುಂದಿನ ಸಾಲು ಇಡುವ ಮೊದಲು ಟೈ ಪೆಟ್ಟಿಗೆ ತೆರೆದು, ಒಂದನ್ನು ತೆಗೆದು, ನನ್ನ ಕಡೆ ನೋಡಿ ಟೇಪಿಗೆ ಹಿಡಿದರು. 150 ಇತ್ತು.